ಸಾಣೆಯ ಹಿಂದಿನ ಕಿಂಡಿ

ಸಾಣೆಯ ಧೂಳು ಒಮ್ಮೆ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಅದಕ್ಕೆ ಔಷಧವೂ ಇಲ್ಲ. ಇದೇನು ಗುಟ್ಟಲ್ಲ. ನಮ್ಮ ಚುಸ್ತ್ ಊರಿನ ಚಾಕು ಕೇರಿಯಲ್ಲಿ ಯಾವ ಬಾಗಿಲು ತಟ್ಟಿದರೂ ಮೊದಲು ಕೆಮ್ಮು ಹೊರಗೆ ಬರುತ್ತದೆ, ಆಮೇಲೆ ಮನುಷ್ಯ.

ಎರ್ಗಶ್ ಈ ಕೇರಿಯವನು. ಕಸುಬಿನ ಯಜಮಾನ ಮುಕಿಮ್ ಉಸ್ತಾನ ಕಾರ್ಖಾನೆಯಲ್ಲಿ ಚಾಕುಗಳಿಗೆ ಕೊನೆಯ ಕೈ ಅವನದು. ಕುಲುಮೆಯಿಂದ ಕಪ್ಪಗೆ, ಒರಟಾಗಿ ಬಂದ ಅಲಗನ್ನು ಸಾಣೆಗೆ ಹಿಡಿಯುತ್ತಾನೆ. ಗೀರು ಉಳಿಯದ ಹಾಗೆ ಕಂಬಳಿ ಸುತ್ತಿದ ಚಕ್ರದಲ್ಲಿ ಹೊಳಪು ತರುತ್ತಾನೆ. ಕೊಂಬಿನ ಹಿಡಿಯನ್ನು ಅರದಿಂದ ಉಜ್ಜಿ, ಅಂಗೈಯಲ್ಲಿ ಹಿತವಾಗಿ ಕೂರುವಂತೆ ಮಾಡುತ್ತಾನೆ. ಅಲಗಿನ ಮೇಲೆ ಮುದ್ರೆ ಮಾತ್ರ ಉಸ್ತಾನದು.

ಇದೇ ಸಾಣೆಯ ಮುಂದೆ ಕೂರುತ್ತಿದ್ದ ಎರ್ಗಶ್‌ನ ಅಣ್ಣ ಉಸಿರು ಕಟ್ಟಿ ಸತ್ತ. ಡಾಕ್ಟರು ಎರ್ಗಶ್‌ನ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದು ತಲೆಯಾಡಿಸಿದಾಗ ಇವನು ಅಳುತ್ತಾ ಕೂರಲಿಲ್ಲ. ತಗಡನ್ನು ಸುತ್ತಿ ಕೊಳವೆ ಮಾಡಿದ. ಸಾಣೆಯ ಹಿಂದಿನ ಗೋಡೆಯಲ್ಲಿ ಕಿಂಡಿ ಕೊರೆದು, ಹಳೇ ಕಾರಿನ ಫ್ಯಾನು ಕೂರಿಸಿದ. ಧೂಳು ಹಿತ್ತಲಿಗೆ ಹೋಯಿತು. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದವನು ಆ ಚಳಿಗಾಲ ಮಲಗಿ ನಿದ್ದೆ ಮಾಡಿದ.

"ಈಗ ಇವ್ರ ಗೊರಕೆಗೆ ನಂಗೆ ನಿದ್ದೆ ಇಲ್ಲ," ಎಂದು ಹೆಂಡತಿ ಸಬೊಹತ್ ನೀರು ತರುವಾಗ ಎಲ್ಲರ ಮುಂದೆ ಬೈದಳು. "ಹೊಡ್ಕೊಳ್ಲಿ ಬಿಡಿ, ಹೊಡ್ಕೊಳ್ಲಿ!"

ಆಮೇಲೆ ಪ್ರವಾಸಿಗರ ಬಸ್ಸುಗಳು ಬರತೊಡಗಿದವು. ಬಸ್ಸಿನಲ್ಲಿ ಬರುವವರಿಗೆ ಅಜ್ಜಂದಿರ ಕಾಲದ ಕಸುಬು ನೋಡಬೇಕು. ಸಾಣೆಯ ಮೋಟಾರಿಗೆ ಉಸ್ತಾ ರತ್ನಗಂಬಳಿ ಹೊದಿಸಿದ. ಕೊಳವೆಗೆ ಹೊದಿಸಲು ಆಗಲಿಲ್ಲ.

"ಜನ ಬಂದಾಗ ಅದನ್ನ ಕಳಚಿಡೋ ಎರ್ಗಶ್. ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತಂತೆ."

"ಜನ ಬಂದಾಗ್ಲೇ ಅಲ್ವಾ ಉಸ್ತಾ, ಕಿಡಿ ಹಾರ್ಲಿ ಅಂತ ಅಲಗು ಜಾಸ್ತಿ ಒತ್ತಿಸೋದು? ಧೂಳೂ ಆಗ್ಲೇ ಜಾಸ್ತಿ. ಬಾಯಿಗೆ ಬಟ್ಟೆನಾದ್ರೂ ಕಟ್ಕೊಳ್ಲಾ?"

"ಕಟ್ಕೊಂಡ್ರೆ ಕಳ್ಳನ ಥರ ಕಾಣ್ತೀಯ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿ, ಮಾರಾಯ."

"ನೀವೊಂದ್ಸಲ ಹಿಡಿದು ತೋರ್ಸಿ, ಕಲ್ತ್ಕೋತೀನಿ."

ಕುಲುಮೆಯವರು ನಕ್ಕರು. ಉಸ್ತಾ ನಗಲಿಲ್ಲ.

ಹಬ್ಬ ಮುಗಿಸಿ ಎರ್ಗಶ್ ಕೆಲಸಕ್ಕೆ ಬಂದಾಗ ಕೊಳವೆ ಇರಲಿಲ್ಲ. ಕಿಂಡಿಗೆ ಮಣ್ಣು ಮೆತ್ತಿ, ಸುಣ್ಣ ಬಳಿದು, ಮೇಲೆ ಕಸೂತಿ ಬಟ್ಟೆ ತೂಗುಹಾಕಿದ್ದರು. ಬಸ್ಸು ಬಂದಾಗಿತ್ತು. ಎರ್ಗಶ್ ಕೂತ. ಕಿಡಿ ಹಾರಿತು. "ಇನ್ನೊಮ್ಮೆ!" ಎಂದರು, ಹಾರಿಸಿದ. ಕೆಮ್ಮು ಹತ್ತಿ ಬಗ್ಗಿದವನನ್ನು ತಲೆಬಾಗಿ ವಂದಿಸುತ್ತಿದ್ದಾನೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಊಟ ತಂದಿದ್ದ ಸಬೊಹತ್ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದಳು. ಬಸ್ಸು ಹೊರಟಿತೋ ಇಲ್ಲವೋ, ಒಳಗೆ ಬಂದು ಕಸೂತಿಯನ್ನು ಕಿತ್ತೆಸೆದು ಉಳಿ ಎತ್ತಿಕೊಂಡಳು.

"ಮುಕಿಮ್ ಅಣ್ಣ, ನಮ್ಮ ಭಾವನ್ನ ಈ ಜಾಗದಿಂದ್ಲೇ ಹೊತ್ಕೊಂಡು ಹೋದ್ವಿ. ಕಿಂಡಿ ನೀವು ತೆಗಿಸ್ತೀರೋ, ನಾನೇ ಒಡೀಲೋ?"

"ಒಡಿಯಮ್ಮ. ಒಡ್ದು ಗಂಡನ್ನ ಮನೆಗೆ ಕರ್ಕೊಂಡು ಹೋಗು. ಕಿಂಡಿ ಇದ್ದ ಕಡೆ ಬಸ್ಸು ನಿಲ್ಲಲ್ಲ. ಬಸ್ಸು ನಿಲ್ಲದಿದ್ರೆ ಇವ್ನಿಗೂ ಕೆಲ್ಸ ಇಲ್ಲ, ನಂಗೂ ಇಲ್ಲ." ಇಷ್ಟು ಹೇಳುವಷ್ಟರಲ್ಲಿ ಉಸ್ತಾನಿಗೇ ಕೆಮ್ಮು ಬಂತು.

ಎರ್ಗಶ್ ಅವಳ ಕೈಯಿಂದ ಉಳಿ ತೆಗೆದು ಕೆಳಗಿಟ್ಟ. "ಅನ್ನ ಆರ್ತಾ ಇದೆ. ಬಾ, ಕೂತ್ಕೋ."

ಅವನು ಈಗಲೂ ಅಲ್ಲೇ ಕೂರುತ್ತಾನೆ. ರಾತ್ರಿ ಮತ್ತೆ ದಿಂಬಿಗೆ ಒರಗಿಯೇ ನಿದ್ದೆ. ಸಬೊಹತ್‌ಗೆ ಗೊರಕೆಯ ಕಾಟವಿಲ್ಲ.

ಉಸ್ತಾನನ್ನು ರಾಕ್ಷಸ ಎಂದು ಬರೆದುಬಿಟ್ಟರೆ ನಮಗೆಲ್ಲ ಎಷ್ಟು ಹಾಯಾಗಿರುತ್ತದೆ! ಆದರೆ ಆ ಕಿಂಡಿ ಮುಚ್ಚಿದ್ದು ಅವನೊಬ್ಬನೇ ಅಲ್ಲ. ಅವನ ಕೈಯಿಂದ ಮುಚ್ಚಿಸಿದವರು ಬಸ್ಸಿನಲ್ಲಿದ್ದರು, ಫೋಟೋ ಚೆಂದ ಬರಬೇಕೆಂದು ಕೇಳಿದವರು. ಆ ಬಸ್ಸಿನಲ್ಲಿ ನಾಳೆ ನೀವಿರುತ್ತೀರಿ.

ಬಂದಾಗ ಕಿಡಿ ಹಾರಿಸು ಎನ್ನಬೇಡಿ. ಸಾಣೆಯ ಧೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಗೋಡೆಯ ಮೇಲಿನ ಬಟ್ಟೆ ಎತ್ತಿಸಿ ನೋಡಿ. ಕಿಂಡಿ ತೆರೆದಿರುವ ಕಡೆಯೇ ಚಾಕು ಕೊಳ್ಳುತ್ತೇನೆ ಎಂದು ಉಸ್ತಾನ ಮುಖಕ್ಕೆ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ.