ಅತ್ತೆ ಮತ್ತು ಮ್ಯಾಟಿನಿಯ ದೆವ್ವಗಳು

ಕಳೆದ ವಾರ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕೋಣವೆಂದು ಹಳೆಯ ಬೀರು ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಮದುವೆಮನೆಯೋ ಅಜ್ಜಿಯ ಪೆಟ್ಟಿಗೆಯೋ ನೆನಪಾಗಬಹುದು. ನನಗೆ ದೆವ್ವ ನೆನಪಾಗುತ್ತದೆ. ಗುಂಡ್ಲುಪೇಟೆಯಲ್ಲಿ ಆಗ ಇದ್ದ ಒಂದು ಸಿನಿಮಾ ಟಾಕೀಸಿನವರು ಶೌಚಾಲಯದ ನಾತ ಮುಚ್ಚಲು ಬೊಗಸೆ ಬೊಗಸೆ ನುಸಿಗುಳಿಗೆ ಚೆಲ್ಲುತ್ತಿದ್ದರು. ಅದರ ವಾಸನೆ ಹೆಂಗಸರ ಸಾಲಿನವರೆಗೂ ಬರುತ್ತಿತ್ತು. ಆ ಸಾಲಿನಲ್ಲಿ ಕುಳಿತು ನಾನು ಮತ್ತು ನನ್ನ ಅತ್ತೆ ನೋಡಿದ ದೆವ್ವದ ಸಿನಿಮಾಗಳಿಗೆ ಲೆಕ್ಕವಿಲ್ಲ.

ಚಾಮರಾಜನಗರದ ಹುಡುಗಿಯಾದ ನಾನು ಗುಂಡ್ಲುಪೇಟೆಗೆ ಸೊಸೆಯಾಗಿ ಹೋದಾಗ ಸಪ್ತಸಾಗರ ದಾಟುವವಳಂತೆ ಅತ್ತಿದ್ದೆ. ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಆದರೂ ಭಯ. ಭಯಕ್ಕೆ ಮುಖ್ಯ ಕಾರಣ ಅತ್ತೆ ತಾಯಮ್ಮ. ಎತ್ತರದ ಆಳು, ಹಣೆ ತುಂಬ ವಿಭೂತಿ, ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ನಾನು ಮಾಡಿದ ಸಾರನ್ನು ಅವರು ಬಾಯಿಗಿಟ್ಟುಕೊಂಡು ಸುಮ್ಮನಿದ್ದರೆ, ಆ ಮೌನದ ಅರ್ಥವೇನೆಂದು ಸಂಜೆಯವರೆಗೂ ಯೋಚಿಸುತ್ತಿದ್ದೆ.

ಮದುವೆಯಾಗಿ ಎರಡು ತಿಂಗಳಾಗಿತ್ತೇನೋ. ಒಂದು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಡುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಒಳ್ಳೆ ಸೀರೆ ಉಟ್ಕೊ ಕಣಮ್ಮಿ. ಹಂಗಳಕ್ಕೆ ಓಗಿ ಬರನ."

ಹಂಗಳದಲ್ಲಿ ಅವರ ತಂಗಿಯ ಮನೆ. ಮಲ್ಲಿಗೆ ಮುಡಿದು ಹೊರಟೆ. ಬಸ್ ಸ್ಟ್ಯಾಂಡಿಗೆ ಬಂದರೂ ಅತ್ತೆ ಹಂಗಳದ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೇರವಾಗಿ ಟಾಕೀಸಿನೊಳಗೆ ನುಗ್ಗಿದರು. ಬೋರ್ಡಿನ ಮೇಲೆ ಬಿಳಿ ಸೀರೆಯ ಹೆಂಗಸು, ಪಕ್ಕದಲ್ಲಿ ಬಾವಲಿ. ನಾನು ಅಲ್ಲೇ ನಿಂತುಬಿಟ್ಟೆ.

"ಅತ್ತೆ, ಇದು ದೆವ್ವದ್ದು!"

"ಉಂ. ಶಿವನ ಗಣ ತಾನೆ ಅವೆಲ್ಲಾ? ನಮ್ಮೋವೇ ಬುಡು. ಬಾ."

ಹೀಗೆ ಶುರುವಾಯಿತು. ಆ ಸಿನಿಮಾಗಳಲ್ಲಿ ಬಹಳಷ್ಟು ಕೇರಳದ ಕಡೆಯಿಂದ ಬರುತ್ತಿದ್ದವು. ಬಡವರ ಸಿನಿಮಾಗಳು. ಒಂದು ಹಳೆಯ ಮನೆ, ಮೂವರು ನಟರು, ಒಂದು ನಾಯಿ, ಒಂದಿಷ್ಟು ಹೊಗೆ, ಅಷ್ಟೇ ಬಂಡವಾಳ. ದೆವ್ವಕ್ಕೆ ಮುಖ ಮಾಡಿಸುವಷ್ಟು ದುಡ್ಡು ಅವರ ಬಳಿ ಇರುತ್ತಿರಲಿಲ್ಲವೋ ಏನೋ, ಬೋರ್ಡಿನ ಮೇಲೆ ಕುಣಿಯುತ್ತಿದ್ದ ದೆವ್ವ ಒಳಗೆ ಕೊನೆಯವರೆಗೂ ಕಾಣಿಸಿಕೊಳ್ಳುತ್ತಿರಲಿಲ್ಲ. ನಾನು ನೋಡಿದ ಮೊದಲನೆಯದರಲ್ಲಿ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಅಕ್ಕಿ ಆರಿಸುತ್ತಿರುತ್ತಾಳೆ. ಬಚ್ಚಲಮನೆಯಲ್ಲಿ ಯಾರೋ ಚೊಂಬಿನಿಂದ ನೀರು ಹುಯ್ದುಕೊಳ್ಳುವ ಸದ್ದು. ಎದ್ದು ಹೋಗುತ್ತಾಳೆ. ಬಾಗಿಲು ತೆರೆದೇ ಇದೆ. ನೆಲ ಒಣಗಿದೆ. ಅಷ್ಟೇ ಕಣ್ರೀ! ರಕ್ತವಿಲ್ಲ, ಕೋರೆಹಲ್ಲಿಲ್ಲ. ಆ ಒಣ ನೆಲ ನೋಡಿ ನಾನು ಅತ್ತೆಯ ತೋಳಿಗೆ ಜೋತುಬಿದ್ದೆ. ಅಲ್ಲಿಯವರೆಗೆ ಅವರನ್ನು ನಾನು ಮುಟ್ಟಿದ್ದು ಕಾಲಿಗೆ ನಮಸ್ಕಾರ ಮಾಡುವಾಗ ಮಾತ್ರ.

ಮಲಯಾಳ ನಮ್ಮಿಬ್ಬರಿಗೂ ಬರುತ್ತಿರಲಿಲ್ಲ. "ಅರ್ಥವಾಗುತ್ತಾ ಅತ್ತೆ?" ಎಂದು ಕೇಳಿದರೆ, "ಬಾಗ್ಲು ಕಿರ್ರ್ ಅನ್ನಕೆ ಯಾವ ಭಾಸೆ ಬೇಕಮ್ಮಿ?" ಎನ್ನುತ್ತಿದ್ದರು. ಮನೆಯಲ್ಲಿ ತುಟಿ ಬಿಚ್ಚದ ಅತ್ತೆ ಟಾಕೀಸಿನ ಕತ್ತಲಲ್ಲಿ ಪಿಸುಪಿಸು ಮಾತಾಡುತ್ತಿದ್ದರು. "ನೋಡು, ಈಗ ನಾಯಿ ಸುಮ್ಕಾಯ್ತದೆ." ನಾಯಿ ಸುಮ್ಮನಾಗುತ್ತಿತ್ತು. "ಈಗ ಅವ್ಳು ಮಾಡದ ಕಡೆ ನೋಡ್ತಾಳೆ." ಅವಳು ಗೋಡೆಯ ಗೂಡಿನ ಕಡೆ ನೋಡುತ್ತಿದ್ದಳು. ಹಿಂದಿನ ಸಾಲಿನವರು ಶ್ ಎಂದರೆ ನಮ್ಮತ್ತೆ ಶಾಲೆಯ ಹುಡುಗಿಯಂತೆ ತಲೆ ತಗ್ಗಿಸುವರು.

ಆ ಮೊದಲ ಸಿನಿಮಾ ನೋಡಿ ಬಂದ ಮೇಲೆ ಒಂದು ವಾರ ನಾನು ಸಂಜೆ ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. ಆದರೆ ನಾನು ಒಳಗೆ ಹೋದೊಡನೆ ಹೊರಗೆ ಅತ್ತೆ ಬಂದು ನಿಲ್ಲುತ್ತಿದ್ದರು. ಮಾತಿಲ್ಲ. ತಾವಿರುವುದು ತಿಳಿಯಲಿ ಅಂತ ಆಗಾಗ ಕೆಮ್ಮುವರು. ಅವರಿಗೆ ಕೆಮ್ಮಿರಲಿಲ್ಲ.

ಮಾವನವರಿಗೆ ಅರಿಸಿನದ ವ್ಯಾಪಾರ, ಸಿನಿಮಾ ಎಂದರೆ ಸಿಡುಕು. ಅವರಿಗೆ ನಂಬಿಕೆ ಬರಲೆಂದು ಅತ್ತೆ ಪ್ರತಿ ಸಲ ಪೇಟೆಯಲ್ಲೇ ಅವರೆಕಾಯಿಯೋ ಬದನೆಕಾಯಿಯೋ ಕೊಂಡು, "ತಂಗಿ ಕೊಟ್ಲು" ಎನ್ನುತ್ತಿದ್ದರು. ಒಂದು ದಿನ ಮಾವ ಊಟಕ್ಕೆ ಕುಳಿತು ಅವರೆಕಾಳು ಬಾಯಿಗೆ ಹಾಕಿಕೊಂಡು, "ಹಂಗಳದಲ್ಲಿ ಈ ವಾರ ಯಾವ ಪಿಚ್ಚರ್ ಆಕವ್ರೆ?" ಎಂದರು. ನಾನು ಸೌಟು ಹಿಡಿದೇ ಅಡುಗೆಮನೆಗೆ ಓಡಿದೆ. ಅತ್ತೆ ಮಾತ್ರ ಅನ್ನ ಬಡಿಸುತ್ತಾ, "ದೆವ್ವುದ್ದು" ಎಂದರು. ಮತ್ತೆ ಆ ವಿಷಯ ಆ ಮನೆಯಲ್ಲಿ ಬರಲಿಲ್ಲ. ಅವರೆಕಾಯಿ ತರುವುದೂ ನಿಂತಿತು.

ಮದುವೆಯಾದ ಮೂರನೇ ವರ್ಷ ನನ್ನ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಸುದ್ದಿ ತಿಳಿದ ಅತ್ತೆ ಸಿಕ್ಕಿದ ಬಸ್ಸು ಹತ್ತಿ ಚಾಮರಾಜನಗರದ ಆಸ್ಪತ್ರೆಗೆ ಬಂದರು. ನನಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡು ಎಂದಷ್ಟೇ ಹೇಳಿದರು. ನೋಡಿದರೆ ಮನಸ್ಸಿಗೆ ಅಂಟಿಕೊಳ್ಳುತ್ತದೆ ಎಂದು ಹಿರಿಯರು ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ಮೂರು ತಿಂಗಳ ಮೇಲೆ ಗುಂಡ್ಲುಪೇಟೆಗೆ ಮರಳಿದೆ. ಮಾತಾಡಿಸಲು ಬಂದವರೆಲ್ಲ ಮಳೆಯ ಬಗ್ಗೆ, ಬೆಟ್ಟದ ಗೋಪಾಲಸ್ವಾಮಿಗೆ ಹರಕೆ ಹೊರುವ ಬಗ್ಗೆ ಮಾತಾಡಿ, ನನ್ನ ಹೊಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಎದ್ದು ಹೋಗುತ್ತಿದ್ದರು. ಈಗ ಮನೆಯಲ್ಲಿ ಅತ್ತೆಗಿಂತ ಕಡಿಮೆ ಮಾತಿನವಳು ನಾನಾದೆ. ಒಂದು ಮಧ್ಯಾಹ್ನ ಅತ್ತೆ ನನ್ನ ಮಡಿಲಲ್ಲಿ ಸೀರೆ ತಂದಿಟ್ಟರು. "ಉಟ್ಕೊ. ಓಗನ."

ಒಲ್ಲೆ ಎನ್ನುವ ಶಕ್ತಿಯೂ ಇಲ್ಲದೆ ಹೋದೆ. ಅದು ಎಂಥ ಕಥೆಯೆಂದು ಅತ್ತೆಗೂ ಗೊತ್ತಿರಲಿಲ್ಲ. ಅರ್ಧ ಸಿನಿಮಾ ಕಳೆದಿತ್ತು. ಪರದೆಯ ಮೇಲೆ ಒಂದು ಉದ್ದನೆಯ ಪಡಸಾಲೆ. ಅದರ ತುದಿಯ ಕೋಣೆಯಿಂದ ಎಳೆಮಗು ಅಳುವ ಸದ್ದು. ಆ ಮನೆಯಲ್ಲಿ ಮಗುವೇ ಇಲ್ಲ. ಹೆಂಗಸು ನಡೆದು ಹೋಗಿ ಬಾಗಿಲು ತಳ್ಳುತ್ತಾಳೆ. ಖಾಲಿ ತೊಟ್ಟಿಲು ಒಂದೇ ಸಮ ತೂಗುತ್ತಿದೆ.

ನನ್ನ ಗಂಟಲಿನಿಂದ ಎಂಥ ಸದ್ದು ಬಂತೋ ನನಗೇ ತಿಳಿಯದು. ಅತ್ತೆ ಎದ್ದು, ನನ್ನ ರಟ್ಟೆ ಹಿಡಿದು, ಸಾಲಿನವರ ಕಾಲು ತುಳಿಯುತ್ತಾ ನನ್ನನ್ನು ಹೊರಗೆ ಕರೆತಂದರು. ಅವರು ಸಿನಿಮಾವನ್ನು ಅರ್ಧಕ್ಕೆ ಬಿಟ್ಟು ಬಂದದ್ದು ಅದೊಂದೇ ಸಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಟೀ ತರಿಸಿದರು. ನಾನು ಅಳುತ್ತಲೇ ಇದ್ದೆ. ಊಟಿಯ ಬಸ್ಸು, ಬತ್ತೇರಿಯ ಬಸ್ಸು ಬಂದವು, ಹೋದವು. ಎಲ್ಲರೂ ನೋಡುತ್ತಿದ್ದರು. ಅತ್ತೆ ನನ್ನನ್ನು ಮರೆಮಾಡಲಿಲ್ಲ.

"ನಂಗೂ ಒಂದು ಹೆಣ್ಣಾಗಿತ್ತು," ಎಂದರು ಆಮೇಲೆ. "ನಿನ್ ಗಂಡನ್ಗಿಂತ ಮುಂಚೆ. ಒಂಬತ್ತು ದಿನ ಇತ್ತು. ಹೆಸ್ರೂ ಕಟ್ಟಿರ್ನಿಲ್ಲ."

ನನ್ನ ಅಳು ನಿಂತಿತು.

"ಆಮೇಲೆ ವರ್ಸಗಂಟ ಒಳಕೋಣೇಲಿ ಅದು ಅಳದು ಕೇಳಿಸ್ತಿತ್ತು ನಂಗೆ. ಯಾರ್ಗೂ ಹೇಳ್ನಿಲ್ಲ. ಹೇಳಿದ್ರೆ ಗಾಳಿ ಮೆಟ್ಕಂಡದೆ ಅಂತ ಎಲ್ಗಾದ್ರೂ ಎಳ್ಕಂಡೋಗಿ ಬೇವಿನ್ ಸೊಪ್ನಲ್ಲಿ ಬಡೀತಿದ್ರು. ಒಂದಿನ ಈ ಟಾಕೀಸ್ಗೆ ಬಂದೆ. ಪಿಚ್ಚರ್ನಲ್ಲಿ ಒಬ್ಳಿಗೆ ಯಾರೂ ಇಲ್ದಿರೋ ಕೋಣೇಲಿ ಸದ್ದು ಕೇಳಿಸ್ತು. ಅಯ್ಯೋ ಶಿವನೆ, ನಂಗೊಬ್ಳಿಗೇ ಅಲ್ವಲ್ಲಾ ಅನ್ನುಸ್ತು. ಅವತ್ತು ಮನೇಗೋಗಿ ಒಟ್ಟೆ ತುಂಬ ಉಂಡೆ ಕಣಮ್ಮಿ."

ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. "ನಿಂಗೂ ಕೇಳಿಸ್ತದಾ?"

ತಲೆಯಾಡಿಸಿದೆ. ನನ್ನ ಗಂಡನಿಗೂ, ಹೆತ್ತ ತಾಯಿಗೂ ಹೇಳಿರದ ಮಾತದು.

"ಕೇಳಿಸ್ಲಿ ಬುಡು. ಕೇಳಿಸ್ದಾಗ ನನ್ ಕರಿ. ಇಬ್ರೂ ಕುಂತ್ಕಂಡು ಕೇಳನ."

ಹಾಗೆಯೇ ಮಾಡಿದೆವು. ಎಷ್ಟೋ ಮಧ್ಯಾಹ್ನ ನಾನು "ಅತ್ತೆ" ಎಂದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಬರಬರುತ್ತಾ ಸದ್ದು ಕಡಿಮೆಯಾಯಿತು. ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಅವಳ ಅಳು ಊರಿಗೇ ಕೇಳುತ್ತಿತ್ತು.

ಈಗ ಮಾವ ಇಲ್ಲ, ಟಾಕೀಸೂ ಇಲ್ಲ. ನನ್ನ ಗಂಡನಿಗೆ ಚಾಮರಾಜನಗರದ ಕಚೇರಿಗೆ ವರ್ಗವಾದಾಗ ಎಲ್ಲರೂ ಇಲ್ಲಿಗೆ ಬಂದೆವು. ಎಂಬತ್ತು ದಾಟಿದ ಅತ್ತೆಗೆ ಕಣ್ಣು ಮಸುಕು, ಬೆಳಕು ನೆರಳಷ್ಟೇ ತಿಳಿಯುತ್ತದೆ. ಮಗಳು ತನ್ನ ಕಾಲದ ದೆವ್ವದ ಸಿನಿಮಾ ಹಾಕಿದರೆ ಐದು ನಿಮಿಷ ಕಿವಿಗೊಟ್ಟು, "ಇದೇನಮ್ಮಿ, ಬರೀ ಕಿರುಚಾಡ್ತಾವೆ. ನಾವು ಹೆದ್ರಕೆ ಪುರಸೊತ್ತೇ ಕೊಡಾಕಿಲ್ವಲ್ಲ!" ಎಂದು ಎದ್ದುಬಿಡುತ್ತಾರೆ.

ಸೀರೆಗಳನ್ನು ಮಹಡಿಯ ಮೇಲೆ ಹರವಿದೆ. ಅತ್ತೆಯೂ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು ನೆರಳಿನಲ್ಲಿ ಕುಳಿತರು. ಆ ಬೆಂಚಿನ ದಿನದಿಂದ ಇಂದಿನವರೆಗೆ ನಾನು ಕೇಳದಿದ್ದ ಒಂದು ಪ್ರಶ್ನೆ ಇದ್ದಕ್ಕಿದ್ದಂತೆ ಬಾಯಿಗೆ ಬಂತು.

"ಅತ್ತೆ, ನಿಮ್ಮ ಆ ಹೆಣ್ಣುಮಗು ಯಾರ ಹಾಗಿತ್ತು?"

ಅವರು ಬೆಚ್ಚಲಿಲ್ಲ. "ನಿಮ್ ಮಾವನಂಗೆ. ಮೂಗು ಇಷ್ಟಗಲ! ಹೆಣ್ಮಗೀಗೆ ಈ ಮೂಗಾ ಅಂತ ನಗಾಡ್ಬುಟ್ಟಿದ್ದೆ." ನಗುತ್ತಲೇ ನನ್ನ ಕಡೆ ತಿರುಗಿದರು. "ನಿಂದು ಕೇಳಾಕಿಲ್ವಾ?"

"ನನಗೆ ತೋರಿಸಲೇ ಇಲ್ಲವಲ್ಲ ಅತ್ತೆ."

"ನಾ ನೋಡಿವ್ನಿ ಕಣಮ್ಮಿ. ಬಟ್ಟೆ ಸುತ್ತಿ ನನ್ ಕೈಗೇ ಕೊಟ್ರು. ಮಣ್ ಮಾಡಾಗಂಟ ನಾನೇ ಎತ್ಗಂಡಿದ್ದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀ ಕೇಳ್ತೀಯೇನೋ ಅಂತ ಕಾಯ್ತಿದ್ದೆ. ಕೇಳ್ದೇ ಇರೋರ್ಗೆ ಎಂಗೇಳದು?"

ಅವರು ಕೈ ಚಾಚಿದರು. ಗಾಳಿಯಲ್ಲಿ ತಡಕಾಡಿದ ಕೈ ನನ್ನ ಕೆನ್ನೆಗೆ ತಾಗಿತು, ಅಲ್ಲಿಂದ ಮೇಲೇರಿ ಹಣೆಯ ಎಡಗಡೆ, ಕೂದಲು ಹುಟ್ಟುವ ಕಡೆ ನಿಂತಿತು. "ಇಲ್ಲಿ. ನಿಂಗದೆಯಲ್ಲಾ, ಇಂಗೇ ಒಂದು ಸುಳಿ ಇತ್ತು. ಕೂದ್ಲು ಕಪ್ಪುಗೆ, ಒತ್ತಾಗಿತ್ತು. ನಿದ್ದೆ ಮಾಡ್ತಿರೋ ಹಂಗಿತ್ತು. ಚೆಂದಾಗಿತ್ತು ಕಣಮ್ಮಿ."

ಅವರ ಬೆರಳು ಅಲ್ಲಿಂದ ಸರಿಯಲಿಲ್ಲ. ನಾನೂ ಅಲುಗಲಿಲ್ಲ. ಬಿಸಿಲು ಇಳಿದ ಮೇಲೆ ಸೀರೆ ಮಡಚಿ ಅತ್ತೆಯನ್ನು ಕೈಹಿಡಿದು ಕೆಳಗಿಳಿಸಿದೆ. ಕನ್ನಡಿಯ ಮುಂದೆ ಹೋಗಿ, ಹಣೆಯ ಕೂದಲು ಹಿಂದಕ್ಕೆ ಸರಿಸಿ, ಅರ್ಧ ನರೆತ ಆ ಸುಳಿಯನ್ನು ತುಂಬ ಹೊತ್ತು ನೋಡುತ್ತಾ ನಿಂತೆ.