ಅಂಬಾರಾಯ ಕೊಟ್ಟ ಸಾಕ್ಷಿ

ಅಂಬಾರಾಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಟ್ಟವರ ಕೈಯಿಂದ ಆಗುವ ಕೇಡಿಗೆ ಯಾರಾದರೂ ಅಡ್ಡ ಬರುತ್ತಾರೆ, ಇಂಥವರ ಕೈಯಿಂದ ಆಗುವ ಕೇಡಿಗೆ ಯಾರೂ ಬರುವುದಿಲ್ಲ.

ಆಳಂದದ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದವನು ಡ್ರೈವಿಂಗ್ ಕಲಿತು, ಅಲ್ಲಿಯ ಹಡಪಸರದಲ್ಲಿ ಕಸದ ಲಾರಿ ಹಿಡಿದಿದ್ದ. ಲಾರಿ ಗುತ್ತಿಗೆದಾರ ಪಂಢರಿನಾಥ ಶೇಠನದು. ಬೇರೆ ಡ್ರೈವರುಗಳು ತೊಟ್ಟಿಯ ಹತ್ತಿರ ಬಂದವರೇ ಆಳುಗಳ ಕೈಗೆ ಸಲಿಕೆ ಕೊಟ್ಟು ಇಳಿಸುತ್ತಿದ್ದರು. ಅಂಬಾರಾಯ ಹಾಗಲ್ಲ. ತಿರುವಿನಲ್ಲೇ ಎರಡು ಸಲ ಹಾರ್ನ್ ಬಾರಿಸುವನು, ಇಂಜಿನ್ ಬಂದ್ ಮಾಡುವನು, ಬೀಡಿ ಹಚ್ಚಿ ಹತ್ತು ನಿಮಿಷ ಕೂರುವನು. ಅಷ್ಟರಲ್ಲಿ ತೊಟ್ಟಿಯಲ್ಲಿ ಕಾಗದ, ಬಾಟಲಿ, ತಗಡು ಆಯುವ ಹೆಂಗಸರು ಚೀಲ ಕಟ್ಟಿಕೊಳ್ಳಬೇಕು. ಹೀಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಅವನ ಸೀಮೆಯವರೇ. ಅವರ ಹೊಟ್ಟೆಯ ಮೇಲೆ ಸಲಿಕೆ ಹಾಕಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ಅವರ ಪೈಕಿ ಶರಣಮ್ಮ ಎಂಬವಳ ಗಂಡ ತೀರಿಕೊಂಡಿದ್ದ. ಒಡಹುಟ್ಟಿದವರು ಇರಲಿಲ್ಲ. ಮಾಯಾ ಎಂಬ ಒಬ್ಬಳೇ ಮಗಳು. ಶರಣಮ್ಮ ಅಂಬಾರಾಯನನ್ನು ಅಣ್ಣಾ ಎನ್ನುತ್ತಿದ್ದಳು, ಬರೀ ಬಾಯಿಮಾತಿಗಲ್ಲ. ನಾಗರ ಪಂಚಮಿ ಬಂದರೆ ತವರಿಗೆ ಹೋಗುವಂತೆ ಉಂಡಿ ಕಟ್ಟಿಕೊಂಡು ಅವನ ಮನೆಗೇ ಬರುವಳು.

ತೊಂಬತ್ತೊಂಬತ್ತರಲ್ಲಿ ಶೇಠನ ಗುತ್ತಿಗೆ ಮುಗಿಯಿತು. ಹೊಸ ಗುತ್ತಿಗೆಗೆ ಅವನು ಬೇರೆಯೇ ರಾಗ ಹಾಡಿದ. ಬೀದಿಯ ತೊಟ್ಟಿಗಳನ್ನೆಲ್ಲ ತೆಗೆದುಬಿಡಿ, ಮುಚ್ಚಿದ ಗಾಡಿ ತರುತ್ತೇನೆ, ಅಪಾರ್ಟ್‌ಮೆಂಟುಗಳ ಗೇಟಿನಿಂದಲೇ ಕಸ ಎತ್ತುತ್ತೇನೆ ಎಂದ. ತೊಟ್ಟಿ ಹೋದರೆ ಹೆಂಗಸರ ಅನ್ನ ಹೋಯಿತು. ಅವರು ವಾರ್ಡ್ ಆಫೀಸಿನ ಮುಂದೆ ನಾಲ್ಕು ದಿನ ಕೂತರು. ಆಫೀಸಿನ ಸಾಹೇಬರು ಎರಡೂ ಕಡೆಯವರನ್ನು ಕೇಳಿದರು. ದಿನಕ್ಕೆ ನಾಲ್ಕು ಖೇಪು ಹೊಡೆಯಬೇಕಾದ ಲಾರಿ ಮೂರೇ ಹೊಡೆಯುತ್ತದೆ, ಈ ಹೆಂಗಸರೇ ಅದಕ್ಕೆ ಕಾರಣ ಎಂದು ಶೇಠ ಹೇಳಿದ. ನಾವು ಒಂದು ದಿನವೂ ಲಾರಿ ತಡೆದಿಲ್ಲ ಎಂದು ಹೆಂಗಸರು ಹೇಳಿದರು. ಹಾಗಾದರೆ ಡ್ರೈವರನನ್ನೇ ಕರೆಯಿರಿ ಎಂದರು ಸಾಹೇಬರು.

ಆ ಲಾರಿಯ ಡ್ರೈವರ್ ಅಂದರೆ ಅಂಬಾರಾಯ. ಗೇಟಿನ ಹೊರಗೆ ಕೂತ ಹೆಂಗಸರು ಗೆದ್ದೆವೆಂದೇ ತಿಳಿದರು. ಅವನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಒಳಗೆ ಹೋದ. ಹೆಂಗಸರು ತಡೆಯುತ್ತಾರೇನು ಎಂದು ಕೇಳಿದ್ದಕ್ಕೆ ಇಲ್ಲ ಎಂದ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಮನುಷ್ಯನಿಗೆ ತನ್ನ ಒಳ್ಳೆಯತನವನ್ನು ಇನ್ನೊಬ್ಬರ ಮುಂದೆ ಹರವುವ ಆಸೆ ಒಂದಿರುತ್ತದಲ್ಲ, ಅದು ಅವನಿಗೂ ಇತ್ತು. ಅವರು ಪಾಪದವರು ಸಾಹೇಬ್, ಏನೂ ತ್ರಾಸ ಕೊಡುವುದಿಲ್ಲ, ನಾನೇ ಪ್ರತಿ ತೊಟ್ಟಿಗೂ ಹತ್ತು ನಿಮಿಷ ಲಾರಿ ನಿಲ್ಲಿಸುತ್ತೇನೆ ಎಂದು ಮರಾಠಿಯಲ್ಲಿ ಎದೆಯುಬ್ಬಿಸಿ ಹೇಳಿದ.

ತೊಟ್ಟಿ ಎಷ್ಟು ಎಂದು ಸಾಹೇಬರು ಕೇಳಿದರು. ಹದಿನೆಂಟು ಎಂದ. ಸಾಹೇಬರು ಕಾಗದದ ಮೇಲೆ ಮೂರು ತಾಸು ಎಂದು ಬರೆದರು. ಪಂಢರಿನಾಥ ಶೇಠ ಅಂದು ಮೊದಲ ಸಲ ಅವನ ಹೆಗಲ ಮೇಲೆ ಕೈ ಇಟ್ಟ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಅಂಬಾರಾಯನಿಗೆ ಆಗ ತಿಳಿಯಿತು. ಆಡಿದ ಮಾತನ್ನು ನುಂಗುವುದು ಹೇಗೆ? ಅವನು ಹಿಂಬಾಗಿಲಿನಿಂದ ಹೊರಗೆ ಬಂದ.

ತಿಂಗಳೊಳಗೆ ತೊಟ್ಟಿಗಳು ಹೋದವು. ಮುಚ್ಚಿದ ಹೊಸ ಗಾಡಿ ಅಂಬಾರಾಯನ ಕೈಗೇ ಬಂತು. ಶರಣಮ್ಮ ನಾಲ್ಕು ಮನೆಯ ಮುಸುರೆ ತಿಕ್ಕಲು ಹಿಡಿದಳೆಂದು ಕೇಳಿದ. ಅವಳ ಗಲ್ಲಿಯ ಕಡೆ ಹೋಗುವುದು ಬಿಟ್ಟ. ಪಂಚಮಿಯ ದಿನ ಮನೆಗೆ ಬೀಗ ಹಾಕಿ ಹೆಂಡತಿ ಚಂದಮ್ಮನನ್ನು ಕರೆದುಕೊಂಡು ಎಲ್ಲಿಗಾದರೂ ಹೊರಟುಬಿಡುತ್ತಿದ್ದ. ಆಮೇಲೆ ಹಡಪಸರವನ್ನೇ ಬಿಟ್ಟು ಖರಾಡಿಗೆ ಮನೆ ಬದಲಿಸಿದ, ಹೊಸ ವಿಳಾಸವನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ತಪ್ಪು ಮಾಡಿದವನು ತನ್ನ ಮುಖ ತೋರಿಸದಿದ್ದರೆ ಎದುರಿನವರಿಗೆ ನೋವು ಕಡಿಮೆಯಾಗುತ್ತದೆ ಎಂದು ಅವನ ಲೆಕ್ಕ. ಅದೆಲ್ಲ ಸುಳ್ಳು. ಅವನಿಗೆ ಹೆದರಿಕೆ.

ಎಂಟು ವರ್ಷ ಹಾಗೆ ಕಳೆಯಿತು. ಕೊನೆಗೆ ಚಂದಮ್ಮನೇ, ಹೋಗಿ ಹೇಳಿ ಬೈಸಿಕೊಂಡಾದರೂ ಬಾ ಎಂದು ಅಟ್ಟಿದಳು. ಒಂದು ಭಾನುವಾರ ಹೋದ. ಶರಣಮ್ಮ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನೀರು ಕೊಟ್ಟಳು. ಅವನು ನೀರು ಕುಡಿಯದೆ, ಅಂದು ಆಫೀಸಿನ ಒಳಗೆ ಸಾಹೇಬರ ಮುಂದೆ ಆಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದ.

“ಗೊತ್ತದ ಅಣ್ಣಾ,” ಎಂದಳು ಶರಣಮ್ಮ. “ಆಫೀಸಿನ ಸಿಪಾಯಿ ಅವತ್ತೇ ಹೇಳಿದ್ದ. ಒಂದು ವಾರ ನಿನಗ ಭಾಳ ಬೈದೆ. ಆಮ್ಯಾಲ ಬಿಟ್ಟೆ. ನಮ್ಮ ಸಲುವಾಗಿ ನಿಲ್ಲಿಸ್ತಿದ್ದಿ, ಅದನ್ನೇ ಹೇಳಿದಿ.”

ಎಂಟು ವರ್ಷದ ಭಾರ ಇಳಿದಂತಾಗಿ ಅಂಬಾರಾಯ ನೀರು ಕುಡಿದ. ಮಾಯಾ ಎಲ್ಲಿ ಎಂದು ಕೇಳಿದ. ಶಿರೂರಿಗೆ ಕೊಟ್ಟು ನಾಲ್ಕು ವರ್ಷವಾಯಿತಂತೆ. ನನಗೊಂದು ಮಾತು ಹೇಳಿ ಕಳಿಸಲಿಲ್ಲವಲ್ಲ ತಂಗೀ ಎಂದ ಅವನು, ಸ್ವಲ್ಪ ಸಲಿಗೆಯಿಂದಲೇ.

ಶರಣಮ್ಮ ಮೊರ ಕೆಳಗಿಟ್ಟಳು.

“ಲಗ್ನಪತ್ರಿಕಾ ಹಿಡಕೊಂಡು ನಾನೇ ಬಂದಿದ್ದೆ. ಮನಿ ಖಾಲಿ ಮಾಡ್ಯಾರ, ಎಲ್ಲಿಗಿ ಹೋದ್ರೋ ಗೊತ್ತಿಲ್ಲ ಅಂದ್ರು. ಹುಡುಗೀನ ಹಂದರಕ್ಕ ಕರಕೊಂಡು ಬರಲಾಕ ಸೋದರಮಾವ ಎಲ್ಲಿ ಅಂತ ಬೀಗರು ಕೇಳಿದ್ರು. ಏನ್ ಹೇಳಲಿ? ನಾನೇ ಕೈ ಹಿಡಿದು ಕರಕೊಂಡು ಬಂದೆ. ಗಂಡ ಸತ್ತಾಕಿ ಮುಂದ ಬಂದ್ಲು ಅಂತ ಮಂದಿ ಆಡಿಕೊಂಡ್ರು. ತೊಟ್ಟಿ ಹೋದದ್ದು ನಾ ಮರತೀನಿ ಅಣ್ಣಾ. ಇದು ಮರೀಲಾಕ ಆಗವಲ್ದು.”

ತೊಟ್ಟಿಯ ಮಾತಿಗಾದರೆ ಕ್ಷಮೆ ಕೇಳಲು ಅಂಬಾರಾಯ ಎಂಟು ವರ್ಷ ತಯಾರಿ ಮಾಡಿದ್ದ. ಈ ಮಾತಿಗೆ ಅವನು ಖರಾಡಿಯ ಮನೆಯ ವಿಳಾಸ ಹೇಳತೊಡಗಿದ.