ಹಗ್ಗ ಜಗ್ಗಿದ ಮೇಲಿನ ಒಂಬತ್ತು ಸೆಕೆಂಡು

೨೦೨೨ರಲ್ಲಿ ನಾನು ಜಮಖಂಡಿಯಲ್ಲಿದ್ದುಕೊಂಡು ಸುತ್ತಲಿನ ಸಣ್ಣ ಕಾರ್ಖಾನೆಗಳ ಯಂತ್ರಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಬನಹಟ್ಟಿಯ ಒಂದು ವಾರ್ಪಿಂಗ್ ಶೆಡ್ಡಿನ ಯಂತ್ರವೂ ನನ್ನ ಪ್ರೋಗ್ರಾಂನಿಂದಲೇ ನಡೆಯುತ್ತಿತ್ತು. ಹಾಸಿನ ನೂಲನ್ನು ದೊಡ್ಡ ಡ್ರಮ್ಮಿಗೆ ಸುತ್ತಿ, ಅಲ್ಲಿಂದ ಮಗ್ಗಕ್ಕೆ ಹೋಗುವ ಬೀಮ್ ಎಂಬ ಉರುಳೆಗೆ ಸುತ್ತುವ ಯಂತ್ರ ಅದು.

ಯಂತ್ರದ ಉದ್ದಕ್ಕೂ ಒಂದು ಕೆಂಪು ಹಗ್ಗವಿತ್ತು. ಜಗ್ಗಿದರೆ ಸಂಕೇತ ಪ್ರೋಗ್ರಾಂಗೆ ಹೋಗಿ, ಅದು ನೂಲಿನ ಅಳತೆ ಬರೆದಿಟ್ಟುಕೊಂಡು ಮೋಟಾರ್ ನಿಲ್ಲಿಸುತ್ತಿತ್ತು. ಹಗ್ಗವನ್ನು ನೇರವಾಗಿ ಮೋಟಾರಿನ ಕರೆಂಟಿಗೇ ಜೋಡಿಸಬಹುದಿತ್ತು. ಅಳತೆ ತಪ್ಪುತ್ತದೆಂದು ಬೇಡವೆಂದವನು ನಾನೇ.

ಅಲ್ಲಿ ಹರಿದ ಎಳೆ ಕೂಡಿಸುವವರು ಕಸ್ತೂರೆವ್ವ. ಇಪ್ಪತ್ತು ವರ್ಷ ಪಳಗಿದ ಕೈ. ಹಗ್ಗ ಕಟ್ಟಿದ ದಿನ ಒಮ್ಮೆ ಜಗ್ಗಿ ನೋಡಿ, "ಛಲೋ ಐತ್ರಿ ಸರ. ನಮ್ಮ ಮನಿಯವ್ರ ಬಾಯಿಗೂ ಇಂಥಾದೊಂದು ಕಟ್ಟಿಕೊಡ್ರಿ" ಎಂದಿದ್ದರು. ಶೆಡ್ಡೆಲ್ಲ ನಕ್ಕಿತ್ತು.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಬೇಕು. ನನ್ನ ಪ್ರೋಗ್ರಾಂ ಈವೆಂಟ್ ಲೈಬ್ರರಿ ಎಂಬ, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಮೇಲೆ ನಿಂತಿತ್ತು. ಇಂಥ ಪ್ರೋಗ್ರಾಂ ಸದಾ ದುಡಿಯುವುದಿಲ್ಲ. ಬಾಗಿಲ ಬಳಿ ಮಲಗಿದ ಕಾವಲುಗಾರನಂತೆ, ಕರೆದಾಗ ಎದ್ದು ಕೆಲಸ ಮುಗಿಸಿ ಮತ್ತೆ ಮಲಗುತ್ತದೆ. ಕಣ್ಣು ಮುಚ್ಚುವ ಗಳಿಗೆಯಲ್ಲೇ ಕರೆ ಬಂದರೆ ಅದಕ್ಕೆ ಕೇಳಿಸದೆ ಹೋಗಬಹುದು. ಇದನ್ನು ತಪ್ಪಿಸಲು ಬೇರೊಂದು ಮಾಡ್ಯೂಲ್, ಅಂದರೆ ಕೋಡಿನ ಪೂರಕ ತುಣುಕು, ಹಾಕಿಕೊಳ್ಳಬೇಕು. ಹಾಕದಿದ್ದರೂ ಲೈಬ್ರರಿ ನಡೆಯುತ್ತದೆ. ಹತ್ತು ಸೆಕೆಂಡಿಗೊಮ್ಮೆ ತಾನೇ ಎದ್ದು, ಯಾರಾದರೂ ಕರೆದಿದ್ದರೇ ಎಂದು ನೋಡುತ್ತದೆ.

ಆ ಮಳೆಗಾಲದಲ್ಲಿ ವೋಲ್ಟೇಜ್ ಏರಿ ಶೆಡ್ಡಿನ ಕಂಪ್ಯೂಟರ್ ಸುಟ್ಟಿತು. ಹೊಸದಕ್ಕೆ ಎಲ್ಲವನ್ನೂ ಹಾಕುವಾಗ ಆ ಮಾಡ್ಯೂಲ್ ಮಾತ್ರ ಕೂರಲಿಲ್ಲ. ಅದು ಐಚ್ಛಿಕ, ಬಿಟ್ಟು ಮುಂದುವರಿಯುತ್ತಿದ್ದೇನೆ ಎಂದು ಪರದೆ ಹೇಳಿತು. ಕಸ್ತೂರೆವ್ವನ ಎದುರಿಗೇ ಹಗ್ಗವನ್ನು ಇಪ್ಪತ್ತು ಸಲ ಜಗ್ಗಿದೆ. ಇಪ್ಪತ್ತು ಸಲವೂ ಯಂತ್ರ ನಿಂತಿತು.

"ಆತೇನ್ರಿ ಸರ?" ಎಂದರು ಮಾಲೀಕರು.

"ಆತ್ರಿ. ಒಂದು ಸಣ್ಣದು ಉಳದೈತಿ. ಬೇಕಾದ್ರ ಆಮ್ಯಾಲೆ ಹಾಕೂಣು."

ಆಮೇಲೆ ಹಾಕಲಿಲ್ಲ.

ಮೂರನೆಯ ವಾರ ಬೇರೆ ಕೆಲಸಕ್ಕೆಂದು ಅದೇ ಶೆಡ್ಡಿಗೆ ಹೋಗಿದ್ದೆ. ಯಂತ್ರಕ್ಕೆ ಬೆನ್ನು ಹಾಕಿ ಕುಳಿತಿದ್ದೆ. ಕೂಗು ಕೇಳಿ ತಿರುಗಿದೆ. ಕಸ್ತೂರೆವ್ವನ ಸೆರಗು ಬೀಮಿಗೆ ಸಿಕ್ಕಿತ್ತು, ಬಲಗೈ ಅದರ ಹಿಂದೆ ಹೋಗುತ್ತಿತ್ತು. ಎಡಗೈಯಲ್ಲಿ ಕೆಂಪು ಹಗ್ಗ ಬಿಗಿದು ನಿಂತಿತ್ತು. ಬೀಮ್ ತಿರುಗುತ್ತಲೇ ಇತ್ತು. ನಾನು ಏಳುವಷ್ಟರಲ್ಲಿ ಅದು ನಿಂತಿತು.

ಹೆಬ್ಬೆರಳು ಮತ್ತು ತೋರುಬೆರಳು ಉಳಿಯಲಿಲ್ಲ. ಎಳೆ ಕೂಡಿಸುವುದು ಅವೆರಡರಿಂದಲೇ.

ಆ ಸಂಜೆ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಹಗ್ಗದ ಸಂಕೇತ ಕಂಪ್ಯೂಟರಿಗೆ ಬಂದದ್ದು ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಏಳು ಸೆಕೆಂಡಿಗೆ. ಪ್ರೋಗ್ರಾಂ ಅದನ್ನು ಕಂಡದ್ದು ಹದಿನಾರನೆಯ ಸೆಕೆಂಡಿಗೆ.

ಮರುದಿನ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಹೆದರಿ ಹಗ್ಗ ಜಗ್ಗೇ ಇಲ್ಲ ಆಕಿ. ಮಷೀನ್ ತಪ್ಪಿಲ್ಲಂತ ಒಂದು ಹಾಳಿ ಬರದು ಕೊಡ್ರಿ. ನಿಮಗೂ ಛಲೋ, ನನಗೂ ಛಲೋ."

ಹಾಳೆ ಬರೆದೆ. ಎರಡು ಸಮಯಗಳು, ನಡುವಿನ ಒಂಬತ್ತು ಸೆಕೆಂಡು, ಹಾಕದೆ ಬಿಟ್ಟ ಮಾಡ್ಯೂಲ್, ಕೆಳಗೆ ನನ್ನ ಹೆಸರು. ಮೊದಲ ಪ್ರತಿಯನ್ನು ಜಮಖಂಡಿಯ ಆಸ್ಪತ್ರೆಗೆ ಒಯ್ದೆ.

ಕಸ್ತೂರೆವ್ವ ಹಾಳೆ ಮುಟ್ಟಲಿಲ್ಲ. "ಎಲ್ಲಾರೂ ನಾ ಜಗ್ಗಿಲ್ಲ ಅಂತಾರ್ರಿ. ಈಗ ನನಗೂ ಸಂಶೆ ಬರಾಕತ್ತೈತಿ. ಜಗ್ಗಿದ್ದೆ ಹೌದಿಲ್ರಿ?"

"ಜಗ್ಗಿದ್ರಿ ಅಕ್ಕಾ. ನಾ ಕಣ್ಣಾರೆ ನೋಡೇನಿ. ತಪ್ಪು ನಂದೈತಿ."

ಅವರು ಎಡಗೈಯಿಂದ ಹಾಳೆ ಎಳೆದುಕೊಂಡರು. "ಇಪ್ಪತ್ತ ಸಲ ನಿಂತಿತ್ತಲ್ರಿ, ಸರ. ನಾನೂ ಎಣಿಸಿದ್ದೆ."

ಅವರಿಗೆ ಪರಿಹಾರ ಸಿಗಲು ಆ ಹಾಳೆ ನೆರವಾಯಿತು. ಶೆಡ್ಡಿಗೆ ಅವರು ಮರಳಲಿಲ್ಲ. ಮಾಲೀಕರು ನನ್ನನ್ನೂ ಮತ್ತೆ ಕರೆಯಲಿಲ್ಲ.

ಈಗ ನಾನು ಕಟ್ಟುವ ಹಗ್ಗ ನೇರವಾಗಿ ಕರೆಂಟನ್ನೇ ಕಡಿಯುತ್ತದೆ. ಆ ಮಾಡ್ಯೂಲ್ ಇಲ್ಲದಿದ್ದರೆ ನನ್ನ ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಪರದೆಯ ಮೇಲೆ ಐಚ್ಛಿಕ ಎಂದು ಕಂಡಾಗ, ಯಾರ ಇಚ್ಛೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಆ ದಿನ ಅದು ನನ್ನದಾಗಿತ್ತು. ಯಂತ್ರದ ಮುಂದೆ ನಿಲ್ಲುವವರನ್ನು ನಾನು ಕೇಳಿರಲಿಲ್ಲ.